ಬದನೆಗೆ ಬೈಯುವವಳು

ಬೆಳಗಾಗೆದ್ದು ಬದನೆ ಗಿಡಕ್ಕೆ ಬೈಯೋದು ನನ್ನ ಕೆಲಸ. ನಗಬೇಡಿ. ನಮ್ಮಜ್ಜಿ ಬೈದಳು, ನಮ್ಮವ್ವ ಬೈದಳು, ಈಗ ಮೂವತ್ತಾರು ವರ್ಷದಿಂದ ನಾನು, ದೇವೀರಮ್ಮ, ಬೈತಾ ಇದ್ದೀನಿ. ಮುಖ ತೊಳೆದು, ಒಂದು ಲೋಟ ಬೆಲ್ಲದ ಕಾಫಿ ಕುಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಪಾತಿಗೆ ಇಳಿದೆ ಅಂದರೆ ಬಿಸಿಲೇರೋವರೆಗೂ ಬಾಯಿ ನಿಲ್ಲಬಾರದು. "ಏನೇ ಮೂದೇವಿ, ನೆಟ್ಟಗೆ ನಿಲ್ಲೋಕೆ ಏನು ಧಾಡಿ ನಿಂಗೆ? ಹಾಕಿದ ಗೊಬ್ಬರವೆಲ್ಲ ಎಲ್ಲಿಗೆ ಹೋಯ್ತು, ದಂಡಪಿಂಡ!" ಅಂತ ಶುರು ಮಾಡಿದರೆ ಸಾಲಿನ ಕೊನೆ ಮುಟ್ಟೋ ಹೊತ್ತಿಗೆ ಗಿಡದ ಏಳು ತಲೆಮಾರು ಜಾಲಾಡಿರ್ತೀನಿ. ಬೈಸಿಕೊಂಡ ಗಿಡ ಸಿಟ್ಟಿಗೆ ಎಲೆ ದಪ್ಪ ಮಾಡ್ಕೊಳ್ಳುತ್ತೆ, ಕಾಂಡಕ್ಕೆ ಮುಳ್ಳು ಬರಿಸುತ್ತೆ, ಮೈಯೊಳಗೆಲ್ಲ ಕಹಿ ತುಂಬ್ಕೊಳ್ಳುತ್ತೆ. ಹುಳ ಒಂದು ಸಲ ಕಚ್ಚಿ ನೋಡಿದರೆ ಥೂ ಅಂತ ಉಗಿದು ಹೋಗಬೇಕು, ಹಂಗೆ.

ನಮ್ಮೂರ ಬದನೆಯ ಗುಣವೇ ಹಿಂಗೆ. ಯಾಕೆ ಅಂತ ಕೇಳಿದರೆ ನನಗೆ ಗೊತ್ತಿಲ್ಲ, ಕೇಳ್ತಾ ಕೂರೋಕೆ ಪುರುಸೊತ್ತೂ ಇಲ್ಲ. ಹೊಸದಾಗಿ ಮದುವೆಯಾದವರನ್ನ ಒಂದು ವರ್ಷ ಪಾತಿ ಹತ್ತಿರ ಬಿಡಲ್ಲ. ಅವರ ಪಿಸುಮಾತು ಕೇಳಿ ಗಿಡ ಮೆತ್ತಗಾಗಿ ಸೊಂಟದ ಮೇಲಕ್ಕೆ ಬೆಳೆದುಬಿಡುತ್ತೆ, ಹುಳಕ್ಕೆ ಹಬ್ಬ. ಮನೇಲಿ ಗಂಡ ಹೆಂಡತಿಗೆ ಜಗಳ ಹತ್ತಿತು ಅನ್ನಿ, ಹಿತ್ತಲಲ್ಲಿ ಗಿಡ ಇರುತ್ತಲ್ಲ, ಅಲ್ಲೇ ಕೂಗಾಡೋ ಹಾಗಿಲ್ಲ, ಬೈಗುಳ ಹದ ಮೀರಿದರೆ ಗಿಡ ಮುರುಟಿಹೋಗುತ್ತೆ. ಹಳ್ಳದ ಆಚೆ ಜಗಳದ ಕಟ್ಟೆ ಅಂತಿದೆ, ಅಲ್ಲಿಗೆ ಹೋಗಿ ಆಡ್ಕೋಬೇಕು. ಅಷ್ಟು ದೂರ ನಡೆಯೋ ಹೊತ್ತಿಗೆ ಅರ್ಧ ಜನಕ್ಕೆ ಯಾಕೆ ಬಂದ್ವಿ ಅನ್ನೋದೇ ಮರೆತು, ಕಟ್ಟೆ ಮೇಲೆ ಕೂತು ಕಡಲೆಕಾಯಿ ತಿಂದು ವಾಪಸ್ ಬರ್ತಾರೆ. ಇನ್ನೊಂದು ವಿಷಯ. ಗಿಡಕ್ಕೆ ಸುಳ್ಳು ಗೊತ್ತಾಗುತ್ತೆ. ಹೊಟ್ಟೆಯೊಳಗಿಂದ ಬರದ ಮಾತು, ಬೈಗುಳವಾಗಲಿ ಮುದ್ದಾಗಲಿ, ಅದಕ್ಕೆ ನಾಟೋದೇ ಇಲ್ಲ. ಅದಕ್ಕೇ ಈ ಕೆಲಸಕ್ಕೆ ಎಲ್ಲರೂ ಆಗಿಬರಲ್ಲ. ನನಗೆ ದೇವರು ಸಿಟ್ಟನ್ನ ಮೊಗೆದು ಮೊಗೆದು ಕೊಟ್ಟಿದ್ದಾನೆ, ಯಾವತ್ತೂ ಕಡಿಮೆ ಬಿದ್ದಿಲ್ಲ.

ನನಗಿರೋಳು ಒಬ್ಬಳೇ ಮಗಳು, ಇಂದ್ರಾಣಿ. ಅವಳು ಚಿಕ್ಕವಳಿದ್ದಾಗಲೇ ಅವಳಪ್ಪ ಹೋದ. ಒಬ್ಬಳೇ ಸಾಕಿದೆ, ಹೆಂಗೆ ಸಾಕಿದೆ ಅಂದರೆ ನನಗೆ ಗೊತ್ತಿರೋ ಹಾಗೆ ಸಾಕಿದೆ. ಅವಳೂ ಗಿಡದ ಹಾಗೇ ಗಟ್ಟಿಯಾದಳು. ಊರಲ್ಲಿ ಒಬ್ಬರೂ ಅವಳ ತಂಟೆಗೆ ಹೋಗಲ್ಲ. ಹೊರಗೆ ಹೋಗಿ ಗಿಡದ ಓದು ಓದಿ ಬಂದು, ಈಗ ಊರ ಬೀಜದ ಮನೆಯಲ್ಲಿ ಪರೀಕ್ಷೆ ಮಾಡ್ತಾಳೆ, ಅದರ ಹಿಂದಿನ ಕೋಣೆಯಲ್ಲೇ ಒಬ್ಬಳೇ ಇರ್ತಾಳೆ. ನನ್ನ ಮನೆಗೂ ಅದಕ್ಕೂ ನಡುವೆ ಎರಡು ಬೀದಿ. ಆ ಎರಡು ಬೀದಿ ದಾಟಿ ಅವಳು ನಮ್ಮನೆಗೆ ಬಂದು ಆರು ವರ್ಷ ಆಗಿತ್ತು. ದಿನಾ ಬೆಳಿಗ್ಗೆ ಪಾತಿಯಲ್ಲಿ ಸಿಗ್ತಿದ್ದಳು, ಒಂದು ಎಲೆ ಕಿತ್ತು, ಬಿಳಿ ಬಟ್ಟೆ ಮೇಲೆ ಹಿಂಡಿ, ರಸ ಕಪ್ಪಾಗೋವರೆಗೂ ಎಣಿಸಿ, ಚೀಟಿಯಲ್ಲಿ ಬರೆದುಕೊಂಡು ಹೋಗ್ತಿದ್ದಳು. "ಕಾಫಿ ಆಯ್ತಾ?" ಅಂದರೆ "ಆಯ್ತು." ಅಷ್ಟೇ ಮಾತು.

ಹೋದ ವರ್ಷ ಬಿತ್ತನೆಗೆ ಮುಂಚೆ ಊರ ಸಭೆ ಕರೆದರು. ನಮ್ಮೂರ ಬದನೆಕಾಯಿ ನಿಂಬೆಹಣ್ಣಿಗಿಂತ ದಪ್ಪ ಆಗಲ್ಲ, ಎಣ್ಣೆಗಾಯಿ ಮಾಡೋಕೆ ಮಸಾಲೆ ತುಂಬೋಕೂ ಜಾಗ ಇರಲ್ಲ ಅಂತ ಹೆಂಗಸರ ತಕರಾರು. ಊರ ಯಜಮಾನ್ರು ಚಿಕ್ಕಲಿಂಗಯ್ಯನೋರು ಇಂದ್ರಾಣಿಗೆ ಎದ್ದು ಹೇಳಮ್ಮ ಅಂದರು. ಅವಳು ಎದ್ದು ಕೇಳಿದಳು, "ಬದನೆಕಾಯಿ ಹೆಚ್ಚಿಟ್ಟರೆ ಯಾಕೆ ಕಪ್ಪಾಗುತ್ತೆ?" ನೀರಿಗೆ ಹಾಕದಿದ್ದರೆ ಆಗುತ್ತೆ ಅಂತ ಯಾರೋ ಅಂದರು. "ಅದು ಒಂದು ಕಿಣ್ವದ ಕೆಲಸ. ಆ ಕಿಣ್ವ ಮಾಡೋದು ಹೆಂಗೆ ಅಂತ ಪ್ರತಿ ಎಲೆಯೊಳಗೂ ಬರೆದಿಟ್ಟಿದೆ. ಬೈದರೆ ಆ ಬರಹ ಬದಲಾಗಲ್ಲ, ಎಷ್ಟು ಮಾಡಬೇಕು ಅನ್ನೋದು ಬದಲಾಗುತ್ತೆ. ಬೈಸಿಕೊಂಡ ಗಿಡ ಅದನ್ನ ಹತ್ತುಪಾಲು ಮಾಡುತ್ತೆ. ಹುಳ ಕಚ್ಚಿದ ಕೂಡಲೇ ರಸ ಕಪ್ಪಾಗಿ ಅಂಟಾಗಿ, ಹುಳಕ್ಕೆ ತಿಂದಿದ್ದು ಅರಗಲ್ಲ. ಸರಿ. ಆದರೆ ಗಿಡದ ಹತ್ತಿರ ಇರೋದು ಒಂದೇ ಪಾತ್ರೆ ಹಿಟ್ಟು. ಕಾವಲಿಗೂ ಅದೇ, ಕಾಯಿಗೂ ಅದೇ. ಎಲ್ಲಾನೂ ಕಾವಲಿಗೇ ಸುರಿದರೆ ಕಾಯಿ ಎಲ್ಲಿಂದ ಬರಬೇಕು?"

ಎಲ್ಲರೂ ತಲೆ ಆಡಿಸಿದರು. ಅವಳು ಅಲ್ಲಿಗೆ ಕೂತಿದ್ದರೆ ಆಗ್ತಿತ್ತು. ಕೂರಲಿಲ್ಲ. "ನಮ್ಮೂರ ಗಿಡ ಹುಟ್ಟಿದಾಗಿಂದ ಹೆದರಿಕೊಂಡೇ ಬದುಕಿದೆ. ಬೈಗುಳ ಕಡಿಮೆ ಮಾಡಿ. ಅದು ಬೆಳೆದರೆ ಹೆಂಗಿರುತ್ತೆ ಅಂತ ಯಾರಾದರೂ ಒಂದು ಸಲ ನೋಡಬೇಡವಾ?" ಅಂದಳು, ಅನ್ನುವಾಗ ನನ್ನನ್ನೇ ನೋಡ್ತಿದ್ದಳು. ಗಿಡದ ಮಾತಲ್ಲ ಇದು ಅಂತ ಅಲ್ಲಿದ್ದವರಿಗೆಲ್ಲ ಗೊತ್ತಾಯ್ತು. ನನಗೆ ಮೈಯೆಲ್ಲ ಉರಿದುಹೋಯ್ತು.

ಅವಳು ಕಡಿಮೆ ಮಾಡಿ ಅಂದಿದ್ದು. ಚಿಕ್ಕಲಿಂಗಯ್ಯನೋರು ಪೂರ್ತಿ ನಿಲ್ಲಿಸಿಬಿಟ್ಟರು. "ಈ ವರ್ಷ ಊರಲ್ಲಿ ಗಿಡಕ್ಕೆ ಒಂದೇ ಒಂದು ಒರಟು ಮಾತು ಬೀಳಕೂಡದು. ದೇವೀರಕ್ಕಾ, ನೀವೂ ಸುಧಾರಿಸ್ಕೊಳ್ಳಿ" ಅಂದರು. ಆಗ ನಾನು ಎದ್ದು ಒಂದು ಮಾತು ಕೇಳಬಹುದಿತ್ತು, ಬೀಜದ ಪಾತಿಗಾದರೂ ಬೈಯೋಕೆ ಬಿಡಿ ಅಂತ. ನಮ್ಮೂರ ಬದನೆ ಬೀಜ ಒಂದು ವರ್ಷಕ್ಕಿಂತ ಹೆಚ್ಚು ಉಳಿಯಲ್ಲ, ಬೇರೆ ಊರ ಬೀಜ ಈ ಮಣ್ಣಲ್ಲಿ ಹುಟ್ಟಲ್ಲ. ಪ್ರತಿ ವರ್ಷ ನಲವತ್ತು ಗಿಡ ಬೇರೆಯಾಗಿ ಬೆಳೆಸಿ, ಅದರ ಕಾಯಿ ಹಳದಿ ತಿರುಗೋವರೆಗೂ ಬಿಟ್ಟು, ಬೀಜ ತೆಗೆದು ಮನೆಮನೆಗೆ ಹಂಚ್ತೀವಿ. ಆ ನಲವತ್ತು ಹೋದರೆ ನಮ್ಮೂರ ಬದನೆ ಅನ್ನೋದೇ ಭೂಮಿ ಮೇಲೆ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ ಕೇಳಲಿಲ್ಲ. ಹಾಳಾಗಿ ಹೋಗಲಿ, ಆಗ ಗೊತ್ತಾಗುತ್ತೆ ಇವಳಿಗೆ ಅಂದ್ಕೊಂಡು ಬಾಯಿಗೆ ಬೀಗ ಹಾಕ್ಕೊಂಡು ಮನೆಗೆ ಬಂದೆ. ತಪ್ಪು ಅವರದ್ದು ಮಾತ್ರ ಅಲ್ಲ ಅಂತ ಹೇಳೋಕೆ ಇದನ್ನ ಹೇಳಿದೆ.

ಆಮೇಲೆ ಗಿಡ ಬೆಳೆದ ಚೆಂದ ನೋಡಬೇಕಿತ್ತು! ಹೊಟ್ಟೆಯುರಿ ಆದರೂ ಇದ್ದಿದ್ದನ್ನ ಇದ್ದ ಹಾಗೆ ಹೇಳಬೇಕಲ್ಲ. ಎದೆಯೆತ್ತರ ಬಂದವು. ಮುಳ್ಳಿಲ್ಲ, ಎಲೆ ಅಂದರೆ ಬಾಳೆ ಸುಳಿಯಷ್ಟು ಮೆತ್ತಗೆ. ಕಾಯಿ ಒಂದೊಂದೂ ತೆಂಗಿನಕಾಯಿ ಗಾತ್ರ, ಮೈ ಮಿರಮಿರ ಅನ್ನೋದು. ಬೀದಿಯಲ್ಲಿ ನಡೆದರೆ ಮನೆಮನೆಯಿಂದ ಎಣ್ಣೆಗಾಯಿ ಘಮ. ಹೊಸ ಜೋಡಿಗಳು ಪಾತಿ ಬದಿಯಲ್ಲೇ ಕೈ ಕೈ ಹಿಡಿದು ಓಡಾಡಿದವು. ನಾನು ಎದುರಿಗೆ ಬಂದರೆ ಜನ ಪಾಪ ಅನ್ನೋ ಹಾಗೆ ನೋಡೋರು, ಅದೇ ನನಗೆ ಹುಳ ಕೊರೆದ ಹಾಗಾಗೋದು. ಇಂದ್ರಾಣಿ ಮಾತ್ರ ನಗ್ತಿರಲಿಲ್ಲ. ಎಲೆ ಹಿಂಡಿ ಎಣಿಸ್ತಿದ್ದಳು, ನೂರು ದಾಟಿದರೂ, ಇನ್ನೂರು ದಾಟಿದರೂ ರಸ ಹಸಿರಾಗೇ ಇರೋದು. ಯಜಮಾನ್ರ ಹತ್ತಿರ ಎರಡು ಸಲ ಹೋಗಿ, ಸ್ವಲ್ಪವಾದರೂ ಬೈಸಬೇಕು ಅಂತ ಹೇಳಿದ್ದಳಂತೆ. ಬಾಯಿ ತುಂಬ ಬದನೆ ತಿಂತಿರೋರು ಯಾರ ಮಾತು ಕೇಳ್ತಾರೆ?

ಕಾಯಿಕೊರಕ ಹುಳ ಬಂದಿದ್ದು ಒಂದು ಮಂಗಳವಾರ. ಮೊದಲು ನಾಲ್ಕಾರು ಗಿಡದ ಕುಡಿ ಬಾಡಿ ಜೋತುಬಿತ್ತು. ಶನಿವಾರದ ಹೊತ್ತಿಗೆ ಮುಕ್ಕಾಲು ಪಾಲು ಕಾಯಿಯಲ್ಲಿ ತೂತು. ಹೆಚ್ಚಿದರೆ ಒಳಗೆ ಹಿಕ್ಕೆ, ಹುಳ, ನೀರು. ಊರಿಗೆ ಊರೇ ಗಾಬರಿ ಬಿದ್ದು, ನಮ್ಮೂರ ಜನ ಮಾತ್ರ ಮಾಡಬಹುದಾದ ತಪ್ಪೊಂದನ್ನ ಮಾಡ್ತು. ನನ್ನನ್ನ ಕರೆಯೋಕೆ ಮುಖ ಇರಲಿಲ್ಲ, ತಾವೇ ಬೈಯೋಕೆ ನಿಂತರು. ಒರಟು ಮಾತೇ ಬೇಡ ಅಂತ ಎಂಟು ತಿಂಗಳಿಂದ ಜಗಳದ ಕಟ್ಟೆಯನ್ನೂ ಹತ್ತದೆ ಒಳಗೊಳಗೇ ಇಟ್ಕೊಂಡಿದ್ದನ್ನೆಲ್ಲ ತಂದು ಪಾತಿಯಲ್ಲಿ ಸುರಿದರು. ಅತ್ತೆ ಮೇಲಿನ ಸಿಟ್ಟು, ಭಾವನ ಮೇಲಿನ ಸಿಟ್ಟು, ಪಕ್ಕದ ಮನೆಯವರ ಕೋಳಿ ಮೇಲಿನ ಸಿಟ್ಟು, ಎಲ್ಲ ಗಿಡಕ್ಕೆ. ಬೈಯೋದಕ್ಕೂ ಒಂದು ಹದ ಇದೆ ರೀ! ಒಂದು ಸಾಲಿಗೆ ಬೈದು ಮುಂದೆ ಹೋಗಬೇಕು, ಗಿಡಕ್ಕೆ ಉಸಿರಾಡೋಕೆ ಬಿಡಬೇಕು. ಇವರು ಮೂರು ದಿನ ಬೆಳಗಿಂದ ಬೈಗಿನವರೆಗೂ ಅರಚಿದರು. ಗಿಡಗಳು ಬೆದರಿ, ಇದ್ದ ಹಿಟ್ಟನ್ನೆಲ್ಲ ಕಾವಲಿಗೆ ಸುರಿದು, ಹೂವು ಉದುರಿಸಿ, ಎಲೆ ಮುರುಟಿಕೊಂಡು ಒಣಕಟ್ಟಿಗೆ ಹಾಗೆ ನಿಂತವು. ಹುಳ ಹೋಯ್ತು, ಕಾಯಿಯೂ ಹೋಯ್ತು.

ಬೀಜದ ಪಾತಿ ಉಳಿದಿತ್ತು. ಅದು ಊರ ಇನ್ನೊಂದು ತುದಿಯಲ್ಲಿದೆ, ಆ ಅರಚಾಟ ಅಲ್ಲಿಗೆ ಮುಟ್ಟಿರಲಿಲ್ಲ. ಆದರೆ ಇಲ್ಲಿಂದ ಓಡಿದ ಹುಳ ಅಲ್ಲಿಗಲ್ಲದೆ ಇನ್ನೆಲ್ಲಿಗೆ ಹೋಗುತ್ತೆ? ನಾಲ್ಕನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಇಂದ್ರಾಣಿ ನಿಂತಿದ್ದಳು. ಆರು ವರ್ಷದ ಮೇಲೆ. ಕೈಯಲ್ಲಿ ಬಿಳಿ ಬಟ್ಟೆ. ಒಳಗೆ ಬಾ ಅನ್ನೋಕೂ ಬಿಡಲಿಲ್ಲ. "ನಲವತ್ತರಲ್ಲಿ ಒಂಬತ್ತಕ್ಕೆ ಹುಳ ಬಿದ್ದಿದೆ. ಕಾಯಿ ಹಳದಿ ಆಗೋಕೆ ಇನ್ನೂ ಇಪ್ಪತ್ತೈದು ದಿನ ಬೇಕು. ನೀನು ಬರಬೇಕು ಅವ್ವ."

"ಹೆದರಿಕೊಂಡು ಬದುಕೋ ಗಿಡ ಬೇಡ ಅಂದೋಳು ನೀನಲ್ಲವಾ?" ಅಂದೆ. ನಾಲಿಗೆ ಸುಮ್ಮನಿರಬೇಕಲ್ಲ.

"ಅಂದೆ. ಈಗಲೂ ಅಂತೀನಿ. ಅದಕ್ಕೇ ನಾನೂ ಜೊತೆಗಿರ್ತೀನಿ. ನಾನು ಎಣಿಸ್ತೀನಿ, ನೀನು ಬೈ. ಎಲೆರಸ ಅರವತ್ತು ಎಣಿಸೋ ಹೊತ್ತಿಗೆ ಕಪ್ಪಾಗಬೇಕು. ನೂರು ದಾಟಿದರೆ ಹುಳ ಬಿಡಲ್ಲ, ಇಪ್ಪತ್ತಕ್ಕೇ ಕಪ್ಪಾದರೆ ಕಾಯಿ ಬಲಿಯಲ್ಲ. ನಾನು ಸಾಕು ಅಂದಾಗ ನೀನು ನಿಲ್ಲಿಸಬೇಕು. ಆಗುತ್ತಾ?"

ಸಾಕು ಅಂದಾಗ ನಿಲ್ಲಿಸೋದು. ಇದುವರೆಗೂ ನನಗೆ ಸಾಕು ಅಂದವರೇ ಇರಲಿಲ್ಲ. "ಆಗದೆ ಏನು? ನಡಿ" ಅಂತ ಸೆರಗು ಸಿಕ್ಕಿಸಿದೆ. ನಲವತ್ತು ಗಿಡದಲ್ಲಿ ಹತ್ತೇ ಉಳಿದರೂ ಸರಿ, ಬೀಜ ತೆಗೆಯದೆ ಈ ಪಾತಿ ಬಿಟ್ಟು ಕದಲಲ್ಲ ಅಂತ ಅವತ್ತೇ ಗಟ್ಟಿ ಮಾಡ್ಕೊಂಡೆ. ಹುಳ ಬಿದ್ದ ಒಂಬತ್ತನ್ನ ಕಿತ್ತು ಸುಟ್ಟೆವು. ಮಿಕ್ಕಿದ್ದು ಮೂವತ್ತೊಂದು. ಬೆಳಿಗ್ಗೆ ನಾನು ಗಿಡದ ಮುಂದೆ ನಿಂತು ಬೈಯೋದು, ಅವಳು ಪಕ್ಕದಲ್ಲಿ ಎಲೆ ಹಿಂಡಿ ಎಣಿಸೋದು. "ಇನ್ನೂ ಸ್ವಲ್ಪ." "ಸಾಕು, ಮುಂದಿನದು." ಒಂದೊಂದು ಸಲ ಒಳ್ಳೆ ಬೈಗುಳ ಬಾಯಿಗೆ ಬಂದು ತುದಿ ನಾಲಿಗೆಯಲ್ಲಿರುವಾಗಲೇ ಸಾಕು ಅಂದುಬಿಡೋಳು, ನುಂಗಿಕೊಳ್ಳೋಕೆ ಎಷ್ಟು ಕಷ್ಟ ಅಂತ ನನಗೇ ಗೊತ್ತು. ಮಧ್ಯಾಹ್ನ ಕೈಯಿಂದ ಹುಳ ಆಯ್ದು ಸೀಮೆಎಣ್ಣೆಗೆ ಹಾಕೋದು. ಸಂಜೆ ಮತ್ತೆ ಎಣಿಕೆ. ಹತ್ತು ದಿನ ಹಿಂಗೇ ಹೋಯ್ತು, ಕೆಲವು ಗಿಡ ಸತ್ತವು, ಆದರೆ ಇಪ್ಪತ್ತು ಗಟ್ಟಿಯಾಗಿ ನಿಂತವು. ಅಷ್ಟು ಹೊತ್ತು ಜೊತೆಗಿದ್ದರೂ ನಮ್ಮಿಬ್ಬರ ನಡುವೆ ಎಣಿಕೆ ಬಿಟ್ಟು ಬೇರೆ ಮಾತಿಲ್ಲ.

ಹನ್ನೊಂದನೇ ದಿನ ನಾನು ಎಡವಟ್ಟು ಮಾಡಿದೆ. ಚಿಕ್ಕಲಿಂಗಯ್ಯನೋರು ಬೇಲಿ ಹತ್ತಿರ ಬಂದು, "ಏನು ದೇವೀರಕ್ಕಾ, ಈ ಸಲ ಬೀಜ ಸಿಗುತ್ತೋ, ಇಲ್ಲ ಅಮ್ಮ ಮಗಳು ಸೇರಿ ಅದನ್ನೂ ಮುಗಿಸ್ತೀರೋ?" ಅಂದರು. ಎಲ್ಲ ಹಾಳು ಮಾಡಿದ ಮನುಷ್ಯ, ಮೇಲೆ ಇಂಥ ಮಾತು ಬೇರೆ! ಬಾಯಿಗೆ ಬಂದಿದ್ದೆಲ್ಲ ಅಂದೆ, ಇಂದ್ರಾಣಿ ಸಾಕು ಅವ್ವ, ಸಾಕು ಅಂತ ಕೂಗಿದ್ದೂ ಕಿವಿಗೆ ಬೀಳಲಿಲ್ಲ. ಯಜಮಾನ್ರು ಓಡಿಹೋದರು. ಆಮೇಲೆ ತಿರುಗಿ ನೋಡಿದರೆ ಇಪ್ಪತ್ತೂ ಗಿಡದ ಎಲೆ ಅಂಚು ಮುರುಟೋಕೆ ಶುರುವಾಗಿತ್ತು. ಅವಳು ಒಂದು ಎಲೆ ಹಿಂಡಿದಳು. ಆರು ಎಣಿಸೋದರೊಳಗೆ ಬಟ್ಟೆ ಮಸಿ ಬಳಿದ ಹಾಗಾಯ್ತು. ಕಾಯಿ ತೊಟ್ಟು ಸಡಿಲ ಬಿಡ್ತಿತ್ತು.

"ಈಗೇನು ಮಾಡೋದೇ?" ಅಂದೆ.

"ಸಮಾಧಾನ ಮಾಡಬೇಕು. ಒಳ್ಳೆ ಮಾತಾಡಬೇಕು. ಕಿಣ್ವ ಇಳಿಯಬೇಕು ಅಂದರೆ ಅದೊಂದೇ ದಾರಿ. ಸಂಜೆಯೊಳಗೆ ಇಳಿಯದಿದ್ದರೆ ಕಾಯೆಲ್ಲ ಉದುರುತ್ತೆ."

"ಸರಿ, ನೀನು ಮಾತಾಡು. ನಂಗೆ ಅದೆಲ್ಲ ಬರಲ್ಲ."

ಇಂದ್ರಾಣಿ ಗಿಡದ ಮುಂದೆ ನಿಂತಳು. ಬಾಯಿ ತೆರೆದಳು. "ನೀನು... ಒಳ್ಳೆ ಗಿಡ" ಅಂದಳು. ಎಲೆ ಹಿಂಡಿದರೆ ಆರಕ್ಕೇ ಕಪ್ಪು. ಮತ್ತೆ ಏನೋ ಅಂದಳು, ಪುಸ್ತಕ ಓದಿದ ಹಾಗೆ. ಕಪ್ಪು. ಕೈ ಕೆಳಗೆ ಬಿಟ್ಟು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಮುಖದಲ್ಲಿ, ಅದೇ ನನಗೆ ತಡೆಯೋಕಾಗಲಿಲ್ಲ. "ನಂಗೂ ಬರಲ್ಲ ಅವ್ವ. ಎಲ್ಲಿ ಕಲೀಬೇಕಿತ್ತು ನಾನು?"

ಆ ಮಾತು ಕೇಳಿ ಪಾತಿಯ ಬದು ಮೇಲೆ ಕೂತೆ. ಮೂವತ್ತಾರು ವರ್ಷ ಬಾಯಿ ಆಡಿಸಿದೋಳು, ಒಂದು ಮೆತ್ತನೆ ಮಾತು ಹುಡುಕಿದರೆ ನಾಲಿಗೆ ಹೊರಳಲಿಲ್ಲ. ಸುಳ್ಳು ಹೇಳಿದರೆ ಗಿಡ ಒಪ್ಪಲ್ಲ. ನಿಜವಾದದ್ದು ಬೇಕು, ಹೊಟ್ಟೆಯೊಳಗಿಂದ ಬಂದಿದ್ದು ಬೇಕು. ಒಳಗೆಲ್ಲ ತಡಕಾಡಿದೆ. ಒಂದೇ ಒಂದು ಸಿಕ್ಕಿತು, ಹಳೇದು, ಹೇಳಬೇಕಾದಾಗ ಹೇಳದೆ ಇಟ್ಕೊಂಡಿದ್ದು. ಎದ್ದು ಹತ್ತಿರದ ಗಿಡದ ಮುಂದೆ ಹೋಗಿ ನಿಂತೆ. ಇಂದ್ರಾಣಿ ಎಲೆ ಹಿಂಡಿ ಎಣಿಸೋಕೆ ಶುರು ಮಾಡಿದಳು.

"ನಿಂಗೆ ಆಗ ಒಂಬತ್ತು ವರ್ಷ" ಅಂದೆ ಗಿಡಕ್ಕೆ. "ನಂಗೆ ಜ್ವರ ಬಂದಿತ್ತು, ಆದರೂ ಪಾತಿಗೆ ಬಂದಿದ್ದೆ. ನೀನು ಒಬ್ಬಳೇ ಒಲೆ ಹಚ್ಚಿ, ಯಾರೂ ಹೇಳಿಕೊಡದೆ ಎರಡು ರಾಗಿ ರೊಟ್ಟಿ ತಟ್ಟಿ, ಬಟ್ಟೆಯಲ್ಲಿ ಕಟ್ಕೊಂಡು ಇಲ್ಲಿಗೆ ತಂದೆ. ಒಂದು ಕಡೆ ಸೀದಿತ್ತು, ಇನ್ನೊಂದು ಕಡೆ ಹಸಿ. ಕೈಯಲ್ಲಿ ಬೊಬ್ಬೆ. ನಾನು ಅಂದೆ, ಇದೇನು ರೊಟ್ಟಿಯೋ ಹೆಂಚಿನ ಚೂರೋ, ಹಿಟ್ಟು ದಂಡ ಮಾಡಿದೆಯಲ್ಲೇ ಅಬ್ಬೇಪಾರಿ ಅಂತ. ನೀನು ಅಳಲಿಲ್ಲ. ಹಂಗೇ ತಿರುಗಿ ಹೋದೆ. ನೀನು ಹೋದ ಮೇಲೆ ನಾನು ಆ ಎರಡೂ ರೊಟ್ಟಿ ತಿಂದೆ ಕಣೇ. ಸೀದಿದ್ದನ್ನೂ ಬಿಡಲಿಲ್ಲ. ಚೆನ್ನಾಗಿತ್ತು. ನನ್ನ ಜೀವಮಾನದಲ್ಲಿ ನನಗೋಸ್ಕರ ಅಂತ ಯಾರಾದರೂ ಮಾಡಿಕೊಟ್ಟ ಊಟ ಅದೊಂದೇ. ಎಷ್ಟು ಚೆನ್ನಾಗಿತ್ತು ಅಂತ ನಿಂಗೆ ಹೇಳಲೇ ಇಲ್ಲ ನಾನು. ಹೊಗಳಿದರೆ ಮೆತ್ತಗಾಗ್ತೀಯ, ಯಾರಾದರೂ ತಿಂದುಬಿಡ್ತಾರೆ ಅಂತ ಹೆದರಿದ್ದೆ."

ಪಕ್ಕದಲ್ಲಿ ಎಣಿಕೆ ನಿಂತಿತ್ತು. ತಿರುಗಲಿಲ್ಲ ನಾನು, ಧೈರ್ಯ ಇರಲಿಲ್ಲ. "ಎಷ್ಟಾಯ್ತೇ?" ಅಂದೆ.

"ಗೊತ್ತಿಲ್ಲ. ಎಣಿಕೆ ತಪ್ಪಿತು." ಇನ್ನೊಂದು ಎಲೆ ಕಿತ್ತಳು. "ಇನ್ನೊಂದು ಸಲ ಹೇಳು."

ಇನ್ನೊಂದು ಸಲ ಹೇಳಿದೆ, ಈ ಸಲ ಗಿಡದ ಕಡೆ ನೋಡದೆ ಹೇಳಿದೆ. ಆಮೇಲೆ ಪ್ರತಿ ಗಿಡದ ಮುಂದೆಯೂ ನಿಂತು ಹೇಳಬೇಕಾಯ್ತಲ್ಲ, ಇಪ್ಪತ್ತು ಸಲ ಹೇಳಿದೆ. ಹೇಳ್ತಾ ಹೇಳ್ತಾ ಬೇರೆ ಬೇರೆ ನೆನಪಿಗೆ ಬಂದವು, ಅವನ್ನೂ ಹೇಳಿದೆ. ಅವಳ ಓದು ಮುಗಿದ ದಿನ ನಾನು ಬೀದಿಯವರಿಗೆಲ್ಲ ಬೆಲ್ಲ ಹಂಚಿ, ಅವಳು ಮನೆಗೆ ಬಂದಾಗ ಮಾತ್ರ "ದೊಡ್ಡ ಸಾಧನೆ!" ಅಂತ ಮೂಗು ಮುರಿದಿದ್ದು. ಮೊದಲ ಸಾಲು ಮುಗಿಯೋ ಹೊತ್ತಿಗೆ ಅವಳಿಗೂ ಬಾಯಿ ಬಂತು. ಅವಳು ಗಿಡಗಳಿಗೆ ಏನು ಹೇಳಿದಳು ಅನ್ನೋದು ನನ್ನ ಹತ್ತಿರ ಇರಲಿ, ನಿಮಗೆ ಹೇಳಲ್ಲ. ಸಂಜೆ ಎಲೆ ಹಿಂಡಿದರೆ ಐವತ್ತೆಂಟು. ಎರಡೇ ಎರಡು ಕಡಿಮೆ.

ಹದಿನೇಳು ಗಿಡದ ಕಾಯಿ ಹಳದಿ ತಿರುಗಿದವು. ಬೀಜ ತೊಳೆದು, ನೆರಳಲ್ಲಿ ಒಣಗಿಸಿ, ಮನೆಗೊಂದು ಚಿಟಿಕೆ ಹಂಚಿದ್ದಾಯ್ತು. ಚಿಕ್ಕಲಿಂಗಯ್ಯನೋರೂ ಸಾಲಿನಲ್ಲಿ ನಿಂತು, ತಲೆ ತಗ್ಗಿಸಿ ಇಸ್ಕೊಂಡು ಹೋದರು. ನಾನು ಏನೂ ಅನ್ನಲಿಲ್ಲ. ಹತ್ತಿರದಲ್ಲಿ ಬೀಜ ಇತ್ತು, ಯಾಕೆ ಬೇಕು. ಈ ವರ್ಷದಿಂದ ಊರಲ್ಲಿ ಹೊಸ ಕ್ರಮ. ನಾನು ಬೈತೀನಿ, ಇಂದ್ರಾಣಿ ಎಣಿಸ್ತಾಳೆ, ಅವಳು ಸಾಕು ಅಂದರೆ ಸಾಕು. ಕಾಯಿ ತೆಂಗಿನಕಾಯಿ ಗಾತ್ರ ಬರಲ್ಲ, ಎಣ್ಣೆಗಾಯಿಗೆ ಮಸಾಲೆ ತುಂಬೋಷ್ಟು ಬರುತ್ತೆ ಅಂತ ಅವಳ ಲೆಕ್ಕ.

ನಿನ್ನೆ ಮೊದಲ ಬೈಗುಳದ ದಿನ. ಮೂರು ಎಲೆ ಬಿಟ್ಟ ಸಸಿಗಳು, ನನ್ನ ಧ್ವನಿಯನ್ನ ಇನ್ನೂ ಕೇಳಿರಲಿಲ್ಲ. ಇಂದ್ರಾಣಿ ಎರಡು ಬೀದಿ ದಾಟಿ ನಮ್ಮನೆಗೇ ಬಂದು, ನನ್ನ ಜೊತೆಗೇ ಪಾತಿಗೆ ನಡೆದಳು. ಕೈಯಲ್ಲಿ ಒಂದು ಡಬ್ಬಿ ಇತ್ತು. ನನ್ನನ್ನ ಬದು ಮೇಲೆ ಕೂರಿಸಿ ಮುಚ್ಚಳ ತೆಗೆದಳು. ಒಳಗೆ ಎರಡು ರಾಗಿ ರೊಟ್ಟಿ. ಇಷ್ಟು ವಯಸ್ಸಾದರೂ ಅವಳಿಗೆ ರೊಟ್ಟಿ ತಟ್ಟೋಕೆ ಬರಲ್ಲ, ಅವತ್ತಿನ ಹಾಗೇ ಒಂದು ಕಡೆ ಸೀದಿತ್ತು. ನಾನು ತಿನ್ನೋದನ್ನೇ ನೋಡ್ತಾ ಕೂತಳು. "ಹೆಂಗಿದೆ?" ಅಂದಳು.

"ಚೆನ್ನಾಗಿದೆ" ಅಂದೆ. ಸಸಿಗಳು ಪಕ್ಕದಲ್ಲೇ ಇದ್ದವು, ಸುಳ್ಳು ಹೇಳೋ ಹಾಗೇ ಇರಲಿಲ್ಲ.